ಸೂಕ್ಷ್ಮಾಣು ಸಿಕ್ಕಿತು, ರೋಗ ತಂದದ್ದು ಅದೇ ಹೌದೇ? ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಯ ರಕ್ತದಲ್ಲೋ ಕಫದಲ್ಲೋ ಒಂದು ಸೂಕ್ಷ್ಮಾಣು ಕಂಡಿತು ಎನ್ನುವುದು ಒಂದು ಮಾತು. ಆ ರೋಗವನ್ನು ತಂದದ್ದು ಅದೇ ಸೂಕ್ಷ್ಮಾಣು ಎನ್ನುವುದು ಬೇರೆಯೇ ಮಾತು. ಮೊದಲನೆಯದನ್ನು ಹೇಳಲು ಒಂದು ಸೂಕ್ಷ್ಮದರ್ಶಕ ಸಾಕಾಗಬಹುದು. ಎರಡನೆಯದನ್ನು ಹೇಳಲು ಕೆಲವು ರೋಗಗಳ ವಿಷಯದಲ್ಲಿ ನೂರು ವರ್ಷ ಹಿಡಿದಿದೆ. ಈ ವ್ಯತ್ಯಾಸದ ಬಗ್ಗೆ ವಿದ್ಯಾರ್ಥಿಗಳು, ರೋಗಿಗಳ ಮನೆಯವರು ಮತ್ತು ಮಲೆನಾಡಿನ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ರೋಗಿಯ ದೇಹದಲ್ಲಿ ಸೂಕ್ಷ್ಮಾಣು ಸಿಕ್ಕಿದ ಮೇಲೆ ಅದೇ ಕಾರಣವೆಂದು ಹೇಳಲು ಅಡ್ಡಿಯೇನು?

ಆರೋಗ್ಯವಾಗಿರುವ ವಿದ್ಯಾರ್ಥಿಯೊಬ್ಬನ ಗಂಟಲನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ, ಆ ಕಡ್ಡಿಯನ್ನು ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಕುರಿಯ ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಎಳೆದು, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಬೆಳಗಾಗುವಷ್ಟರಲ್ಲಿ ತಟ್ಟೆಯ ತುಂಬ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಎದ್ದಿರುತ್ತವೆ. ಕೆಲವು ಚುಕ್ಕೆಗಳ ಸುತ್ತ ತಟ್ಟೆಯ ಕೆಂಪು ಬಣ್ಣ ಹಸಿರಿಗೆ ತಿರುಗಿರುತ್ತದೆ. ಆ ಹಸಿರು ಬಳೆ ತೊಟ್ಟ ಚುಕ್ಕೆಗಳ ನಡುವೆ ನ್ಯುಮೋನಿಯಾ ತರಬಲ್ಲ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಕೂಡ ಇರಬಹುದು. ಆದರೆ ಆ ವಿದ್ಯಾರ್ಥಿಗೆ ಜ್ವರವೂ ಇಲ್ಲ, ಕೆಮ್ಮೂ ಇಲ್ಲ. ನಾಳೆ ಅವನಿಗೆ ಬೇರೆ ಯಾವುದೋ ವೈರಸ್ಸಿನಿಂದ ಜ್ವರ ಬಂದು, ಆಗ ಯಾರಾದರೂ ಗಂಟಲನ್ನು ಪರೀಕ್ಷಿಸಿದರೆ ಇದೇ ಬ್ಯಾಕ್ಟೀರಿಯಾ ಸಿಗುತ್ತದೆ, ಮತ್ತು ತಪ್ಪು ಅದರ ತಲೆಯ ಮೇಲೆ ಬೀಳುತ್ತದೆ.

ಹೀಗೆ ತಪ್ಪು ಹೊರಿಸಿದ್ದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಅವರು ಇನ್‌ಫ್ಲುಯೆಂಜಾ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡು, ಅದೇ ಆ ಜ್ವರಕ್ಕೆ ಕಾರಣವೆಂದು ಪ್ರಕಟಿಸಿದರು. ಅವರು ದೊಡ್ಡ ವಿಜ್ಞಾನಿ, ಆದ್ದರಿಂದ ಮಾತು ನಿಂತಿತು. 1918ರ ಮಹಾಮಾರಿಯಲ್ಲಿ ಸಾವಿರಾರು ಶವಪರೀಕ್ಷೆಗಳು ನಡೆದಾಗ ಆ ಬ್ಯಾಕ್ಟೀರಿಯಾ ಕೆಲವರಲ್ಲಿ ಸಿಕ್ಕಿತು, ಅನೇಕರಲ್ಲಿ ಸಿಗಲಿಲ್ಲ. ನಿಜವಾದ ಕಾರಣವಾದ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು ಫೆರೆಟ್ ಎಂಬ ಪ್ರಾಣಿಗಳಿಗೆ ಸೋಂಕು ದಾಟಿಸಿ ತೋರಿಸಿದ್ದು 1933ರಲ್ಲಿ. ಫೈಫರ್ ಅವರ ತಪ್ಪು ಇಂದಿಗೂ ಹೆಸರಿನಲ್ಲಿ ಉಳಿದಿದೆ: ನಮ್ಮ ಅಂಗನವಾಡಿ ಮಕ್ಕಳಿಗೆ ಹಾಕಿಸುವ ಪೆಂಟಾವೇಲೆಂಟ್ ಲಸಿಕೆಯಲ್ಲಿರುವ ಹಿಬ್ ಎಂಬ ಅಂಶದ ಪೂರ್ಣ ಹೆಸರು ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ. ಅದು ಮಕ್ಕಳಲ್ಲಿ ಮಿದುಳಿನ ಪೊರೆಯ ಉರಿಯೂತವನ್ನೂ ನ್ಯುಮೋನಿಯಾವನ್ನೂ ತರುವ ಅಪಾಯಕಾರಿ ಬ್ಯಾಕ್ಟೀರಿಯಾ ಹೌದು. ಇನ್‌ಫ್ಲುಯೆಂಜಾವನ್ನು ಮಾತ್ರ ಅದು ತರುವುದಿಲ್ಲ.

ಕಾಕ್ ಅವರ ನಿಯಮಗಳು ಎಂದರೇನು?

ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಅವರು 1876ರಲ್ಲಿ ದನಕರುಗಳ ನೆರಡಿ ರೋಗವಾದ ಆಂಥ್ರಾಕ್ಸನ್ನೂ, 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನೂ ಕುರಿತು ನೀಡಿದ ಪುರಾವೆಗಳಿಂದ ಈ ನಿಯಮಗಳು ರೂಪುಗೊಂಡವು. ಸೂಕ್ಷ್ಮಾಣುವು ಆ ರೋಗದ ಪ್ರತಿಯೊಂದು ಪ್ರಕರಣದಲ್ಲೂ ಸಿಗಬೇಕು, ಆರೋಗ್ಯವಂತರಲ್ಲಿ ಸಿಗಬಾರದು. ಅದನ್ನು ದೇಹದಿಂದ ಹೊರತೆಗೆದು ಬೇರೆ ಯಾವುದೂ ಬೆರೆಯದಂತೆ ಬೆಳೆಸಲು ಸಾಧ್ಯವಾಗಬೇಕು. ಹಾಗೆ ಬೆಳೆಸಿದ್ದನ್ನು ಆರೋಗ್ಯವಂತ ಪ್ರಾಣಿಗೆ ಚುಚ್ಚಿದಾಗ ಅದೇ ರೋಗ ಬರಬೇಕು. ಆ ಪ್ರಾಣಿಯಿಂದ ಅದೇ ಸೂಕ್ಷ್ಮಾಣುವನ್ನು ಮರಳಿ ಪಡೆಯಬೇಕು ಎಂಬ ಮಾತು ಅನಂತರ ಸೇರಿತು.

ಪಠ್ಯಪುಸ್ತಕಗಳಲ್ಲಿ ಇವನ್ನು ಶಾಸನದಂತೆ ಮುದ್ರಿಸುತ್ತಾರೆ. ಆದರೆ ಇವನ್ನು ಮುಂದಿಟ್ಟ ಕಾಕ್ ಅವರೇ ಕಾಲರಾದ ವಿಷಯದಲ್ಲಿ ಇವುಗಳನ್ನು ಪೂರೈಸಲಾಗಲಿಲ್ಲ ಎಂಬುದನ್ನು ಅದೇ ಪುಟದಲ್ಲಿ ಹೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಕಾಲರಾದ ವಿಷಯದಲ್ಲಿ ಏನು ನಡೆಯಿತು?

ಕಾಕ್ ಅವರು 1883ರಲ್ಲಿ ಈಜಿಪ್ಟಿಗೂ ಅಲ್ಲಿಂದ ಕಲ್ಕತ್ತಕ್ಕೂ ಬಂದು, ಕಾಲರಾದಿಂದ ಸತ್ತವರ ಕರುಳಿನಲ್ಲಿ ಅಲ್ಪವಿರಾಮದಂತೆ ಬಾಗಿದ ಬ್ಯಾಕ್ಟೀರಿಯಾವನ್ನು ಕಂಡರು. ಅದನ್ನು ಬೆಳೆಸಿದರು, ಜನರು ಬಳಸುತ್ತಿದ್ದ ಕೆರೆಯ ನೀರಿನಲ್ಲಿಯೂ ಪತ್ತೆಮಾಡಿದರು. ಎಷ್ಟು ಪ್ರಯತ್ನಿಸಿದರೂ ಅದರಿಂದ ಪ್ರಾಣಿಗಳಲ್ಲಿ ಮನುಷ್ಯರಿಗೆ ಬರುವಂಥ ಕಾಲರಾವನ್ನು ತರಿಸಲು ಮಾತ್ರ ಅವರಿಂದಾಗಲಿಲ್ಲ, ಏಕೆಂದರೆ ಕಾಲರಾ ಸಹಜವಾಗಿ ಮನುಷ್ಯರಿಗೆ ಬರುವ ರೋಗ.

ಈ ಬಿರುಕನ್ನೇ ಹಿಡಿದು ವಾದಿಸಿದವರು ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮಾಕ್ಸ್ ಫಾನ್ ಪೆಟ್ಟೆನ್‌ಕೋಫರ್. ನೆಲದ ಮತ್ತು ಊರಿನ ಪರಿಸ್ಥಿತಿ ಕೂಡಿಬರದೆ ಬರಿಯ ಬ್ಯಾಕ್ಟೀರಿಯಾದಿಂದ ಕಾಲರಾ ಬರದು ಎಂಬುದು ಅವರ ನಂಬಿಕೆ. 1892ರ ಅಕ್ಟೋಬರ್‌ನಲ್ಲಿ, 73ನೆಯ ವಯಸ್ಸಿನಲ್ಲಿ, ಜಠರದ ಆಮ್ಲ ಅಡ್ಡಬಾರದಿರಲೆಂದು ಸೋಡಾ ಬೆರೆಸಿಕೊಂಡು ಅವರು ಕಾಲರಾ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಕುಡಿದುಬಿಟ್ಟರು. ಅವರಿಗೆ ಆದದ್ದು ಸ್ವಲ್ಪ ಭೇದಿ ಮಾತ್ರ. ಅವರ ಸಹೋದ್ಯೋಗಿ ರುಡಾಲ್ಫ್ ಎಮ್ಮೆರಿಖ್ ಅವರೂ ಕುಡಿದರು, ಅವರಿಗೆ ಇನ್ನೂ ಜೋರಾಗಿ ಆಯಿತು, ಆದರೂ ಬದುಕಿದರು.

ಈ ಪ್ರಯೋಗ ಏನನ್ನೂ ಸಾಧಿಸಲಿಲ್ಲ. ಕಾಲರಾ ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಲಕ್ಷಣಗಳೇ ಕಾಣುವುದಿಲ್ಲ ಅಥವಾ ಸೌಮ್ಯವಾಗಿ ಕಾಣುತ್ತವೆ ಎಂಬುದು ಇಂದು ನಮಗೆ ಗೊತ್ತು. ಒಬ್ಬ ಮನುಷ್ಯನಿಗೆ ಏನೂ ಆಗಲಿಲ್ಲ ಎಂಬುದರಿಂದ ರೋಗಾಣು ನಿರ್ದೋಷಿಯಾಗುವುದಿಲ್ಲ. ಅದೇ 1892ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ನಡೆದದ್ದು ಇದಕ್ಕಿಂತ ಎಷ್ಟೋ ಬಲವಾದ ಸಾಕ್ಷ್ಯ. ಎಲ್ಬ್ ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದ ಹ್ಯಾಂಬರ್ಗ್‌ನಲ್ಲಿ ಸುಮಾರು 8,600 ಜನ ಸತ್ತರು. ಪಕ್ಕಕ್ಕೇ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣ ನದಿಯ ಕೆಳಭಾಗದಿಂದ, ಹ್ಯಾಂಬರ್ಗ್‌ನ ಕೊಳಚೆಯೂ ಸೇರಿದ ನೀರನ್ನೇ ಎತ್ತುತ್ತಿತ್ತು, ಆದರೆ ಮರಳಿನ ಹಾಸಿನಲ್ಲಿ ಸೋಸುತ್ತಿತ್ತು. ಅಲ್ಲಿ ಸಾವು ಬಹಳ ಕಡಿಮೆ. ಗಾಳಿ, ನೆಲ, ಜನ ಎಲ್ಲ ಒಂದೇ ಇದ್ದು ನೀರೊಂದೇ ಬೇರೆ ಇದ್ದ ಎರಡು ಊರುಗಳನ್ನು ಯಾವ ವಿಜ್ಞಾನಿಯೂ ಪ್ರಯೋಗಕ್ಕೆಂದು ಕಟ್ಟಲಾರ.

ಪ್ರಾಣಿಯ ದೇಹದಲ್ಲಿ ತೋರಿಸಬೇಕಾಗಿದ್ದ ಕೊಂಡಿಯನ್ನು ಕೊನೆಗೆ ಜೋಡಿಸಿದವರು ಕಲ್ಕತ್ತದ ಶಂಭುನಾಥ್ ಡೇ. ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಆ ಮುಚ್ಚಿದ ಕೊಳವೆಯೊಳಗೆ ಬ್ಯಾಕ್ಟೀರಿಯಾ ಸೇರಿಸಿದರು. ತುಂಡು ನೀರು ತುಂಬಿ ಉಬ್ಬಿತು. 1959ರಲ್ಲಿ ಅವರು ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದು, ಅದು ಬೆಳೆದ ದ್ರವವನ್ನಷ್ಟೇ ಹಾಕಿಯೂ ಕರುಳು ಉಬ್ಬುವುದನ್ನು ತೋರಿಸಿದರು. ಅಂದರೆ ದೇಹದ ನೀರನ್ನು ಬಸಿಯುವುದು ಬ್ಯಾಕ್ಟೀರಿಯಾ ಸ್ರವಿಸುವ ವಿಷ. ಕಾಕ್ ಕಲ್ಕತ್ತಕ್ಕೆ ಬಂದು ಹೋದ ಮುಕ್ಕಾಲು ಶತಮಾನದ ನಂತರ, ಅದೇ ಊರಿನಲ್ಲಿ ಈ ಪುರಾವೆ ಸಿಕ್ಕಿತು. ಆ ವಿಷದ ಜೀನ್ ಇಲ್ಲದ ಅದೇ ಜಾತಿಯ ಬ್ಯಾಕ್ಟೀರಿಯಾಗಳು ಸಾಂಕ್ರಾಮಿಕ ಕಾಲರಾ ತರುವುದಿಲ್ಲವೆಂದು ಮುಂದೆ ತಿಳಿಯಿತು. ಹಾಗಾಗಿ ಜಾತಿಯ ಹೆಸರು ಹೇಳಿದರೆ ಸಾಲದು, ಯಾವ ತಳಿ ಎಂಬುದನ್ನೂ ಹೇಳಬೇಕಾಗುತ್ತದೆ.

ನಮ್ಮ ಮಂಗನ ಕಾಯಿಲೆಗೆ ವೈರಸ್ ಕಾರಣವೆಂದು ಹೇಗೆ ಸಾಬೀತಾಯಿತು?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ಸೊಂಟ ಮತ್ತು ಕೈಕಾಲುಗಳ ತೀವ್ರ ನೋವಿನಿಂದ ಹಾಸಿಗೆ ಹಿಡಿದರು. ಅದೇ ದಿನಗಳಲ್ಲಿ ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳುತ್ತಿದ್ದವು. ಈ ಎರಡನ್ನೂ ಜೋಡಿಸಿ ನೋಡಿ ಮಂಗನ ಕಾಯಿಲೆ ಎಂದು ಹೆಸರಿಟ್ಟವರು ಸ್ಥಳೀಯರೇ. ಆ ಹೆಸರಿನಲ್ಲಿ ಒಂದು ವೈಜ್ಞಾನಿಕ ಊಹೆ ಅಡಗಿತ್ತು, ಮತ್ತು ಆ ಊಹೆ ಸರಿಯಾಗಿತ್ತು ಎಂಬುದನ್ನು ಗೌರವದಿಂದ ನೆನೆಯಬೇಕು.

ಮಂಗಗಳ ಸಾವಿನ ಸುದ್ದಿ ಕೇಳಿದ ವಿಜ್ಞಾನಿಗಳಿಗೆ ಮೊದಲು ಹುಟ್ಟಿದ್ದು ಹಳದಿ ಜ್ವರದ ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತವೆ, ಮತ್ತು ಭಾರತಕ್ಕೆ ಆ ರೋಗ ಎಂದೂ ಬಂದಿರಲಿಲ್ಲ. 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಕೂಡಲೇ ಹೊರಟು ಬಂತು. ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಸತ್ತ ಮಂಗಗಳ ಅಂಗಾಂಶವನ್ನೂ ಜ್ವರ ಬಂದವರ ರಕ್ತವನ್ನೂ ಹಾಲು ಕುಡಿಯುವ ಇಲಿಮರಿಗಳಿಗೆ ಚುಚ್ಚಿದಾಗ ಮರಿಗಳು ಸತ್ತವು. ಎರಡೂ ಕಡೆಯಿಂದ ದೊರೆತದ್ದು ಒಂದೇ ವೈರಸ್. ಅದು ಹಳದಿ ಜ್ವರದ್ದಾಗಿರದೆ, ರಷ್ಯಾದಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ, ಆದರೆ ಹೊಸದಾದ ವೈರಸ್ ಆಗಿತ್ತು. ಕಾಡಿನ ತರಗೆಲೆಯ ಮೇಲೆ ಬಟ್ಟೆ ಎಳೆದು ಹಿಡಿಯುವ ಉಣ್ಣೆಗಳಲ್ಲಿಯೂ ಅದೇ ವೈರಸ್ ಸಿಕ್ಕಿತು. ಗುಣವಾದವರ ರಕ್ತದಲ್ಲಿ ಅದಕ್ಕೆ ಎದುರಾಗಿ ದೇಹ ತಯಾರಿಸಿದ ಪ್ರತಿಕಾಯಗಳಿದ್ದವು. ಪ್ರಯೋಗಾಲಯದಲ್ಲಿ ಮಂಗಗಳಿಗೆ ಈ ವೈರಸ್ ಕೊಟ್ಟಾಗ ಅವೂ ಕಾಯಿಲೆ ಬಿದ್ದು ಸತ್ತವು.

ಈ ಸಾಕ್ಷ್ಯಗಳಲ್ಲಿ ಯಾವುದನ್ನೇ ಬಿಡಿಯಾಗಿ ತೆಗೆದುಕೊಂಡರೂ ಅದನ್ನು ಪ್ರಶ್ನಿಸಬಹುದು. ಮಂಗ ಮತ್ತು ಮನುಷ್ಯ ಒಂದೇ ಕಾಲಕ್ಕೆ ಬೇರೆ ಬೇರೆ ಕಾರಣಗಳಿಂದ ಸತ್ತಿರಬಹುದು. ಪ್ರತಿಕಾಯವು ಹತ್ತಿರದ ಬೇರೊಂದು ವೈರಸ್ಸಿನಿಂದ ಬಂದಿರಬಹುದು. ಉಣ್ಣೆಯ ಹೊಟ್ಟೆಯಲ್ಲಿ ವೈರಸ್ ಇದ್ದ ಮಾತ್ರಕ್ಕೆ ಅದು ಕಚ್ಚಿ ದಾಟಿಸುತ್ತದೆ ಎಂದೇನಿಲ್ಲ. ಆದರೆ ಸೌದೆ, ಸೊಪ್ಪು, ತರಗೆಲೆಗೆಂದು ಕಾಡಿಗೆ ಹೋಗುವವರಿಗೇ ಜ್ವರ ಹೆಚ್ಚು ಬರುವುದು, ಮರಿ ಉಣ್ಣೆಗಳು ಹೆಚ್ಚಾಗುವ ಬೇಸಿಗೆಯ ತಿಂಗಳುಗಳಲ್ಲೇ ಜ್ವರವೂ ಏರುವುದು, ಮಳೆ ಹಿಡಿದ ಮೇಲೆ ಎರಡೂ ಇಳಿಯುವುದು, ಇವೆಲ್ಲ ಸೇರಿದಾಗ ಬೇರೆ ವಿವರಣೆಗೆ ಜಾಗ ಉಳಿಯಲಿಲ್ಲ. ಇನ್ನೊಂದು ಸಾಕ್ಷ್ಯ ಯಾರೂ ಬಯಸದೆ ಬಂದದ್ದು: ಕಾಡಿಗೆ ಕಾಲಿಡದೆ, ಪ್ರಯೋಗಾಲಯದಲ್ಲಿ ಈ ವೈರಸ್ಸಿನೊಡನೆ ಕೆಲಸ ಮಾಡುತ್ತಿದ್ದ ಸಿಬ್ಬಂದಿಗೂ ಅದೇ ಜ್ವರ ತಗುಲಿತು.

ಒಂದೇ ಊರಿನಲ್ಲಿ, ಒಂದೇ ಓಣಿಯಲ್ಲಿ ಹಲವರು ಕಾಯಿಲೆ ಬಿದ್ದರೆ ಅದು ಸೋಂಕೇ ಆಗಿರಬೇಕಲ್ಲವೇ?

ಆಗಿರಬೇಕೆಂದೇನಿಲ್ಲ. ಇದಕ್ಕೆ ಉದಾಹರಣೆ ಸೊರಬದ ನೆರೆಯ ಸಾಗರ ತಾಲೂಕಿನಲ್ಲೇ ಇದೆ. 1970ರ ದಶಕದ ನಡುವಿನಲ್ಲಿ ಹಂದಿಗೋಡು ಗ್ರಾಮದಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು, ಜನ ನಡೆಯಲಾರದೆ ನೆಲ ಹಿಡಿಯುವ ಕಾಯಿಲೆ ಬೆಳಕಿಗೆ ಬಂತು. ಕಾಯಿಲೆ ಕೆಲವೇ ಕುಟುಂಬಗಳಲ್ಲಿ ದಟ್ಟವಾಗಿತ್ತು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿಗಳನ್ನು ತಿಂದದ್ದರಿಂದ ಹೀಗಾಯಿತೆಂಬ ಅನುಮಾನ ಬಹುಕಾಲ ಇತ್ತು. ವಂಶಾವಳಿಗಳನ್ನು ಬಿಡಿಸಿ ನೋಡಿದಾಗ ಅದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ ಆನುವಂಶಿಕ ಮೂಳೆರೋಗವೆಂದು ಗೊತ್ತಾಯಿತು. ಸೋಂಕಿನಂತೆಯೇ ಆನುವಂಶಿಕ ರೋಗವೂ ಒಂದೇ ಮನೆಯವರಲ್ಲಿ ಗುಂಪಾಗಿ ಕಾಣುತ್ತದೆ, ಒಂದೇ ಊಟದಿಂದ ಬಂದ ರೋಗವೂ ಹಾಗೆಯೇ. ಆದ್ದರಿಂದ ನಕ್ಷೆಯ ಮೇಲೆ ಚುಕ್ಕೆಗಳು ಗುಂಪಾಗಿ ಬಿದ್ದುದನ್ನು ಕಂಡು ಅವಸರದ ತೀರ್ಮಾನಕ್ಕೆ ಬರಬಾರದು.

ಊಟದ ಕಾರಣಕ್ಕೆ ಬಂದ ರೋಗವನ್ನು ಸೋಂಕೆಂದು ತಿಳಿದ ಪ್ರಸಂಗಗಳೂ ಇವೆ. ಕೈಕಾಲುಗಳ ಬಲ ಕುಂದಿಸುವ ಬೆರಿಬೆರಿ ರೋಗದ ಬ್ಯಾಕ್ಟೀರಿಯಾವನ್ನು ಹುಡುಕಲು ಜಾವಾಕ್ಕೆ ಹೋದ ಕ್ರಿಸ್ಟಿಯಾನ್ ಐಕ್‌ಮನ್ ಅವರಿಗೆ ಕೋಳಿಗಳ ಮೂಲಕ ತಿಳಿದದ್ದು ಪಾಲಿಷ್ ಮಾಡಿದ ಅಕ್ಕಿಯ ತೊಂದರೆ. ಬಿಹಾರದ ಮುಜಫ್ಫರ್‌ಪುರದಲ್ಲಿ ಬೇಸಿಗೆಯಲ್ಲಿ ಮಕ್ಕಳು ನಸುಕಿನಲ್ಲಿ ಫಿಟ್ಸ್ ಬಂದು ಸಾಯುತ್ತಿದ್ದಾಗ ವರ್ಷಗಟ್ಟಲೆ ವೈರಸ್ಸನ್ನು ಹುಡುಕಲಾಯಿತು. 2014ರ ತನಿಖೆ ತೋರಿಸಿದ್ದು ಬೇರೆ: ರಾತ್ರಿ ಊಟವಿಲ್ಲದೆ ಮಲಗಿದ, ಹಗಲಿನಲ್ಲಿ ಲಿಚಿ ತಿಂದ ಮಕ್ಕಳ ರಕ್ತದ ಸಕ್ಕರೆ ಆ ಹಣ್ಣಿನಲ್ಲಿರುವ ವಿಷದಿಂದ ಕುಸಿಯುತ್ತಿತ್ತು. ತಕ್ಷಣ ಗ್ಲೂಕೋಸ್ ಕೊಟ್ಟರೆ ಮಗುವನ್ನು ಉಳಿಸಬಹುದಾದಲ್ಲಿ ವೈರಸ್ಸಿನ ಹುಡುಕಾಟ ಎಷ್ಟು ದುಬಾರಿಯಾಯಿತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಪ್ರಯೋಗಾಲಯದಲ್ಲಿ ಬೆಳೆಯದ ರೋಗಾಣುವಿನ ಗತಿ ಏನು?

ಕುಷ್ಠದ ಬ್ಯಾಕ್ಟೀರಿಯಾವನ್ನು ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ಕಂಡರು. ಇಂದಿನವರೆಗೂ ಅದನ್ನು ಅಗರ್ ತಟ್ಟೆಯಲ್ಲಿ ಬೆಳೆಸಲು ಯಾರಿಂದಲೂ ಆಗಿಲ್ಲ. ಸಾಬೀತುಪಡಿಸುವ ಹಟದಲ್ಲಿ ಹ್ಯಾನ್ಸನ್ ಅವರು 1879ರಲ್ಲಿ ಒಬ್ಬ ರೋಗಿ ಮಹಿಳೆಯ ಕಣ್ಣಿಗೆ, ಆಕೆಯ ಒಪ್ಪಿಗೆ ಕೇಳದೆ, ಬೇರೊಬ್ಬ ರೋಗಿಯಿಂದ ತೆಗೆದ ವಸ್ತುವನ್ನು ಚುಚ್ಚಿದರು. ಮರುವರ್ಷ ನ್ಯಾಯಾಲಯ ಅವರನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ನ್ಯಾಯಾಲಯ ಮಾಡಿದ್ದು ಸರಿ. ಪುರಾವೆ ಎಷ್ಟೇ ಅಮೂಲ್ಯವಾದರೂ ಅದಕ್ಕಾಗಿ ರೋಗಿಯನ್ನು ಸಾಧನವಾಗಿ ಬಳಸುವ ಹಕ್ಕು ಯಾರಿಗೂ ಇಲ್ಲ. 1960ರಲ್ಲಿ ಇಲಿಯ ಅಂಗಾಲಿನಲ್ಲಿ, 1971ರಲ್ಲಿ ತಣ್ಣನೆಯ ಮೈಯ ಆರ್ಮಡಿಲೊ ಪ್ರಾಣಿಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಿತು, ಅಂದರೆ ಮೊದಲು ಕಂಡ ಸುಮಾರು ನೂರು ವರ್ಷಗಳ ನಂತರ.

ತಾನೇ ಕುಡಿದು ಸಾಬೀತುಪಡಿಸಿದ ವಿಜ್ಞಾನಿಗೆ ನೊಬೆಲ್ ಬಂದಿತಲ್ಲವೇ?

ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ, ಜಠರದ ಉರಿಯೂತಕ್ಕೂ ಹುಣ್ಣಿಗೂ ಕಾರಣವೆಂದು ತಾವು ನಂಬಿದ್ದ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಗಿ, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. ಅವರಿಗೂ ಅವರ ಸಹಸಂಶೋಧಕ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಈ ಕಥೆಯನ್ನು ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ: ಮಾರ್ಷಲ್ ಅವರಿಗೆ ಹುಣ್ಣಾಗಲಿಲ್ಲ. ಹುಣ್ಣಿಗೂ ಅದೇ ಕಾರಣವೆಂದು ಜಗತ್ತು ಒಪ್ಪಿದ್ದು, ಆ್ಯಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾವನ್ನು ಪೂರ್ತಿ ತೆಗೆದ ರೋಗಿಗಳಲ್ಲಿ ಹುಣ್ಣು ಮರುಕಳಿಸುವುದು ಬಹುಮಟ್ಟಿಗೆ ನಿಂತಾಗ. ಕಾರಣವನ್ನು ತೆಗೆದರೆ ಪರಿಣಾಮವೂ ನಿಲ್ಲಬೇಕು ಎಂಬ ಈ ಪರೀಕ್ಷೆ, ನನ್ನ ದೃಷ್ಟಿಯಲ್ಲಿ, ಕುಡಿದು ತೋರಿಸುವುದಕ್ಕಿಂತ ಹೆಚ್ಚು ತೂಕದ್ದು.

ಬಹುತೇಕ ಎಲ್ಲರಲ್ಲೂ ಇರುವ ವೈರಸ್ ಕೆಲವರಿಗೆ ಮಾತ್ರ ರೋಗ ತರುತ್ತದೆ ಎಂದು ತೋರಿಸುವುದು ಹೇಗೆ?

ಇದು ಅತ್ಯಂತ ಕಷ್ಟದ ಪ್ರಶ್ನೆ. ಎಪ್‌ಸ್ಟೀನ್-ಬಾರ್ ವೈರಸ್ ಸುಮಾರು 95 ಶೇಕಡಾ ವಯಸ್ಕರಿಗೆ ತಗುಲಿರುತ್ತದೆ. ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಬರುವುದು ಕೆಲವೇ ಕೆಲವರಿಗೆ. ಎಲ್ಲರಲ್ಲೂ ಇರುವುದನ್ನು ಯಾರೊಡನೆ ಹೋಲಿಸಿ ನೋಡುವುದು? ಅಮೆರಿಕದ ಸೇನೆಯು ತನ್ನ ಒಂದು ಕೋಟಿಗೂ ಹೆಚ್ಚು ಸಿಬ್ಬಂದಿಯಿಂದ ಆಗಾಗ ಸಂಗ್ರಹಿಸಿದ್ದ ರಕ್ತದ ಮಾದರಿಗಳು ಇದಕ್ಕೆ ದಾರಿ ತೋರಿದವು. ಆರಂಭದಲ್ಲಿ ವೈರಸ್ ತಗುಲಿರದ ಅಲ್ಪಸಂಖ್ಯಾತರನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದಾಗ, ಸೋಂಕು ತಗುಲಿದ ಮೇಲೆ ಈ ರೋಗದ ಅಪಾಯ ಸುಮಾರು 32 ಪಟ್ಟು ಏರಿತೆಂದು 2022ರಲ್ಲಿ ಪ್ರಕಟವಾಯಿತು. ಸೋಂಕು ಮೊದಲು, ರೋಗ ಅನಂತರ ಎಂಬ ಕಾಲದ ಕ್ರಮವೇ ಇಲ್ಲಿ ಮುಖ್ಯ ಸಾಕ್ಷಿ. ವೈರಸ್ ಬೇಕೇ ಬೇಕು, ಆದರೆ ಅದೊಂದೇ ಸಾಲದು.

ನನ್ನ ವಿಡಾಲ್ ರಿಪೋರ್ಟ್ ಪಾಸಿಟಿವ್ ಬಂದಿದೆ. ಟೈಫಾಯ್ಡ್ ಎಂದು ಸಾಬೀತಾದಂತೆಯೇ?

ಅಷ್ಟರಿಂದಲೇ ಸಾಬೀತಾಗುವುದಿಲ್ಲ. ವಿಡಾಲ್ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದಕ್ಕೆ ಎದುರಾಗಿ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಎಂದೋ ಬಂದು ಹೋದ ಸೋಂಕು, ಹಿಂದೆ ಹಾಕಿಸಿದ ಲಸಿಕೆ, ಹತ್ತಿರದ ಇತರ ಬ್ಯಾಕ್ಟೀರಿಯಾ, ಕೆಲವೊಮ್ಮೆ ಮಲೇರಿಯಾ ಕೂಡ ಅದನ್ನು ಪಾಸಿಟಿವ್ ಮಾಡಬಲ್ಲವು. ನಮ್ಮಂಥ ದೇಶದಲ್ಲಿ ಆರೋಗ್ಯವಂತರಲ್ಲೂ ಇಂಥ ಪ್ರತಿಕಾಯಗಳು ಇರುತ್ತವೆ. ಜ್ವರದ ಮೊದಲ ವಾರದಲ್ಲಿ, ಆ್ಯಂಟಿಬಯಾಟಿಕ್ ಶುರುಮಾಡುವ ಮುನ್ನ ಮಾಡಿಸುವ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಇದಕ್ಕಿಂತ ನಂಬಲರ್ಹ. ಔಷಧಿಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಆದರೆ ಕಲ್ಚರ್ ಬಗ್ಗೆ ವೈದ್ಯರನ್ನು ಕೇಳಲು ಸಂಕೋಚಪಡಬೇಡಿ.

ಕಾಕ್ ನಿಯಮಗಳು ಪೂರೈಸಿಲ್ಲವಾದ್ದರಿಂದ ಏಡ್ಸ್‌ಗೆ ಎಚ್‌ಐವಿ ಕಾರಣವಲ್ಲ ಎಂಬ ವಾದ ಸರಿಯೇ?

ಸರಿಯಲ್ಲ, ಮತ್ತು ಈ ವಾದದಿಂದ ಜೀವಗಳು ಹೋಗಿವೆ. ಅನುಮಾನಕ್ಕೆ ಜಾಗವಿದ್ದದ್ದು ಮೊದಲ ವರ್ಷಗಳಲ್ಲಿ. ಬ್ರಿಟನ್ನಿನ ಹಿಮೋಫಿಲಿಯಾ ರೋಗಿಗಳೆಲ್ಲರೂ ರಕ್ತ ಹೆಪ್ಪುಗಟ್ಟಿಸುವ ಒಂದೇ ಬಗೆಯ ಚಿಕಿತ್ಸೆ ಪಡೆಯುತ್ತಿದ್ದರು. ಅವರಲ್ಲಿ ಎಚ್‌ಐವಿ ತಗುಲಿದವರ ಸಾವು ಹಲವು ಪಟ್ಟು ಏರಿತು, ತಗುಲದವರಲ್ಲಿ ಏರಲಿಲ್ಲ. ವೈರಸ್ಸನ್ನು ತಡೆಯಲೆಂದೇ ರೂಪಿಸಿದ ಔಷಧಿಗಳು ಬಂದ ಮೇಲೆ ರೋಗಿಗಳು ದಶಕಗಳ ಕಾಲ ಬದುಕುತ್ತಿದ್ದಾರೆ. ಆದರೂ ದಕ್ಷಿಣ ಆಫ್ರಿಕಾದ ಅಂದಿನ ಅಧ್ಯಕ್ಷ ಥಾಬೊ ಎಂಬೆಕಿ ಅವರ ಸರ್ಕಾರ ಈ ವಾದಕ್ಕೆ ಕಿವಿಗೊಟ್ಟು ಔಷಧಿ ವಿತರಣೆಯನ್ನು ತಡಮಾಡಿತು. ಅದರಿಂದ 2000 ಮತ್ತು 2005ರ ನಡುವೆ 3,30,000ಕ್ಕೂ ಹೆಚ್ಚು ಜೀವಗಳು ನಷ್ಟವಾದವೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜಿಸಿದರು. ಕಾಕ್ ನಿಯಮಗಳೆಂಬ 1884ರ ಅಳತೆಗೋಲನ್ನು, ಆಗ ವೈರಸ್ ಎಂಬುದರ ಅರಿವೇ ಇಲ್ಲದಿದ್ದಾಗ ಮಾಡಿದ್ದನ್ನು, ಇಂದಿನ ವೈರಸ್ಸಿಗೆ ಯಾಂತ್ರಿಕವಾಗಿ ಹಿಡಿಯುವುದು ಎಚ್ಚರಿಕೆಯ ವಿಜ್ಞಾನವಲ್ಲ. ಕಾಕ್ ಅವರೇ ಹಾಗೆ ಹಿಡಿಯಲಿಲ್ಲ.

ಮಂಗನ ಕಾಯಿಲೆಯ ಕಾರಣ ಗೊತ್ತಾಗಿ ಅರವತ್ತು ವರ್ಷಗಳೇ ಕಳೆದಿರುವಾಗ, ಸತ್ತ ಮಂಗ ಕಂಡರೆ ಈಗಲೂ ತಿಳಿಸಬೇಕೆನ್ನುವುದು ಏಕೆ?

ಮಂಗವೊಂದು ವಿದ್ಯುತ್ ತಂತಿ ತಗುಲಿ, ವಿಷ ತಿಂದು, ಮುಪ್ಪಿನಿಂದಲೂ ಸಾಯಬಹುದು. ಈ ವೈರಸ್ಸಿನಿಂದಲೇ ಸತ್ತಿತೇ ಎಂಬುದನ್ನು ಪ್ರತಿಸಲವೂ ಹೊಸದಾಗಿ ಪರೀಕ್ಷಿಸಬೇಕು. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣ್ಣೆಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ, ಹಾಗಾಗಿ ಶವವನ್ನು ಮುಟ್ಟದೆ, ಹತ್ತಿರ ಹೋಗದೆ, ಜಾಗವನ್ನು ಗುರುತಿಟ್ಟುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅದೇ ದಿನ ತಿಳಿಸಬೇಕು. ಶವ ಕೊಳೆತಷ್ಟೂ ಅದರ ಅಂಗಾಂಶದಲ್ಲಿ ವೈರಸ್ ಪತ್ತೆಯಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಮೊದಲ ದಿನಗಳಲ್ಲೇ ರಕ್ತ ಪರೀಕ್ಷೆಗೆ ಕೊಡಬೇಕೆನ್ನುವುದಕ್ಕೂ ಹೀಗೊಂದು ಕಾರಣವಿದೆ: ರಕ್ತದಲ್ಲಿ ವೈರಸ್ ನೇರವಾಗಿ ಸಿಗುವುದು ಆಗ, ತಡವಾದರೆ ಪ್ರತಿಕಾಯಗಳನ್ನು ನಂಬಿ ಕೂರಬೇಕಾಗುತ್ತದೆ.